ಹೊಳೆ ಈಚೆ ಕುಟೀರ, ಹೊಳೆ ಆಚೆ ಕಾನೂನು

ಕುಶಾಲನಗರದಿಂದ ಮಡಿಕೇರಿ ದಾರಿ ಹಿಡಿದು ಸ್ವಲ್ಪ ದೂರ ಹೋದರೆ ಗುಡ್ಡೆಹೊಸೂರು ಸಿಗುತ್ತದೆ. ಅಲ್ಲಿ ಎಡಕ್ಕೆ ಹೊರಳುವ ಸಿದ್ದಾಪುರದ ರಸ್ತೆ ಕಾಫಿ ತೋಟಗಳ ನಡುವೆ ಬಳುಕುತ್ತಾ ಸಾಗಿ ನಂಜರಾಯಪಟ್ಟಣ ಮುಟ್ಟುತ್ತದೆ. ಸಿಲ್ವರ್ ಓಕ್ ಮರಗಳಿಗೆ ಹಬ್ಬಿದ ಮೆಣಸಿನ ಬಳ್ಳಿ, ಬೇಲಿಯಂಚಿನ ಕೆಂಪು ಮಣ್ಣು, ಅಲ್ಲಲ್ಲಿ ಹೋಂಸ್ಟೇ ಫಲಕ. ಮತ್ತೊಂದು ತಿರುವು ಕಳೆದರೆ ರಸ್ತೆ ಮುಗಿದು ಕಾವೇರಿ ಎದುರಾಗುತ್ತಾಳೆ. ಹೊಳೆಯ ಆಚೆ ದಡದಲ್ಲಿ ದುಬಾರೆ ಕಾಡು.

ಬೇಸಿಗೆಯಲ್ಲಿ ಇಲ್ಲಿ ಕಾವೇರಿ ಬಂಡೆಗಳ ಸಂದಿಯಲ್ಲಿ ತೊದಲುತ್ತಾಳೆ. ಪ್ರವಾಸಿಗರು ಪಂಚೆ, ಪ್ಯಾಂಟು ಮೇಲೆತ್ತಿ ಕಲ್ಲಿನಿಂದ ಕಲ್ಲಿಗೆ ಕಾಲಿಡುತ್ತಾ ದಾಟುವುದುಂಟು. ಮಳೆಗಾಲದಲ್ಲಿ ಅದೇ ಹೊಳೆ ಕೆಂಪಾಗಿ, ಅಗಲವಾಗಿ, ಮರದ ದಿಮ್ಮಿಗಳನ್ನು ಹೊತ್ತು ಓಡುತ್ತದೆ. ಆಗ ದೋಣಿ ನಿಲ್ಲುತ್ತದೆ. ಉಳಿದ ದಿನಗಳಲ್ಲಿ ಯಂತ್ರದ ದೋಣಿ ಐದು ನಿಮಿಷದೊಳಗೆ ಆಚೆ ದಡ ಸೇರಿಸುತ್ತದೆ. ಆ ಐದು ನಿಮಿಷದಲ್ಲಿ ಪ್ರವಾಸಿ ಒಂದು ಹೊಳೆಯನ್ನು ಮಾತ್ರವಲ್ಲ, ಒಂದು ಕಾನೂನಿನ ಗಡಿಯನ್ನೂ ದಾಟಿರುತ್ತಾನೆ. ಅದು ಅವನ ಗಮನಕ್ಕೆ ಬರುವುದಿಲ್ಲ, ಅಷ್ಟೆ.

ಈಚೆ ದಡದಲ್ಲಿರುವುದು ಬಹುಪಾಲು ತೋಟದ ಜಮೀನು. ಅಲ್ಲಿ ಒಂದು ಕುಟೀರ ಕಟ್ಟಬೇಕಾದರೆ ಕಂದಾಯ ಇಲಾಖೆಯ ಭೂಪರಿವರ್ತನೆ, ಪಂಚಾಯಿತಿಯ ಪರವಾನಗಿ, ಇಂಥ ಕಾಗದಪತ್ರಗಳ ಹಾದಿ. ಆಚೆ ದಡದಲ್ಲಿರುವುದು ಮೀಸಲು ಅರಣ್ಯ. ಅಲ್ಲಿ ಒಂದು ಗೂಟ ನೆಡಬೇಕಾದರೂ ಬೇರೆಯೇ ಕಾಯಿದೆ, ಬೇರೆಯೇ ಕಚೇರಿ. ಸರ್ಕಾರಿ ಒಡೆತನದ ಜಂಗಲ್ ಲಾಡ್ಜಸ್ ಸಂಸ್ಥೆಯ ಪ್ರವಾಸಿ ಕುಟೀರಗಳು ಈಚೆ ದಡದಲ್ಲಿ ಹೊಳೆಗೆ ಮುಖ ಮಾಡಿ ನಿಂತಿರುವುದಕ್ಕೂ, ಆನೆಗಳು ಆಚೆ ದಡದಲ್ಲಿರುವುದಕ್ಕೂ ಈ ಗೆರೆಯ ಹಿನ್ನೆಲೆಯಿದೆ. ರಾತ್ರಿ ಮಲಗುವುದು ಈಚೆ, ಬೆಳಿಗ್ಗೆ ನೋಡುವುದು ಆಚೆ. ನೋಡಲು ಸರಳವಾದ ಈ ಏರ್ಪಾಡು ಕಾಡಿನೊಳಗೆ ಸೂರು ಕಟ್ಟುವ ಹಕ್ಕು ಯಾರಿಗಿದೆ ಎಂಬ ದೊಡ್ಡ ಪ್ರಶ್ನೆಯ ಒಂದು ತುದಿ.

ಆನೆಗಳ ಊರು

ದುಬಾರೆಯ ಹೆಸರು ಪ್ರವಾಸಿ ನಕ್ಷೆಗೆ ಬಂದದ್ದು ಈಚೆಗೆ. ಅದಕ್ಕೆ ಬಹಳ ಮುಂಚೆಯೇ ಅದು ಆನೆಗಳ ಊರಾಗಿತ್ತು. ತೇಗ, ಮತ್ತಿ, ಹೊನ್ನೆ ದಿಮ್ಮಿಗಳನ್ನು ಕಾಡಿನಿಂದ ಎಳೆದು ತರಲು ಅರಣ್ಯ ಇಲಾಖೆಗೆ ಆನೆ ಬೇಕಿತ್ತು. ಹಿಡಿದ ಆನೆಯನ್ನು ಪಳಗಿಸಲು ದಪ್ಪ ಮರದ ಕ್ರಾಲ್ ಬೇಕಿತ್ತು, ಆನೆಯ ಮನಸ್ಸು ಬಲ್ಲ ಮನುಷ್ಯರು ಬೇಕಿತ್ತು. ಆ ಮನುಷ್ಯರು ಕಾಡಿನಲ್ಲೇ ಇದ್ದರು: ಜೇನುಕುರುಬರು. ದುಬಾರೆಯ ಮಾವುತರು, ಕಾವಾಡಿಗಳಲ್ಲಿ ಹೆಚ್ಚಿನವರು ಆ ಸಮುದಾಯದವರೇ. ತಂದೆಯಿಂದ ಮಗನಿಗೆ ಬಂದ ವಿದ್ಯೆ ಅದು; ಯಾವ ಕಾಲೇಜಿನಲ್ಲೂ ಕಲಿಸುವುದಿಲ್ಲ.

ಕಾಕನಕೋಟೆಯ ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. ಮರುವರ್ಷ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂತು. ಮುಂದೆ ಆನೆ ಆ ಕಾಯಿದೆಯ ಮೊದಲ ಪರಿಚ್ಛೇದಕ್ಕೆ ಏರಿತು. ದಿಮ್ಮಿ ಎಳೆಯುವ ಕೆಲಸವನ್ನು ಲಾರಿ, ಕ್ರೇನುಗಳು ಕಸಿದವು. ಕೆಲಸ ಕಳೆದುಕೊಂಡ ಆನೆಗಳು ಶಿಬಿರದಲ್ಲೇ ಉಳಿದವು. ಈಗ ಅವುಗಳಿಗೆ ಎರಡು ಹೊಸ ಕೆಲಸ. ಒಂದು, ಹಾಸನದ ಆಲೂರು, ಸಕಲೇಶಪುರ ಭಾಗದಲ್ಲೋ ಕೊಡಗಿನ ತೋಟಗಳಲ್ಲೋ ಉಪಟಳ ಕೊಡುವ ಕಾಡಾನೆಯನ್ನು ಹಿಡಿಯಲು ಹೋಗುವುದು. ಇನ್ನೊಂದು, ಮೈಸೂರು ದಸರೆಯ ಮೆರವಣಿಗೆ. ಧನಂಜಯ, ಗೋಪಿ, ಪ್ರಶಾಂತ ಮುಂತಾದ ದುಬಾರೆಯ ಆನೆಗಳ ಹೆಸರು ಮೈಸೂರಿನ ಮಕ್ಕಳ ಬಾಯಲ್ಲೂ ಇದೆ.

ಸ್ವಾರಸ್ಯವೆಂದರೆ ದಸರೆಯ ಹೊತ್ತಿಗೆ ಮಾವುತರ ಸಂಸಾರವೇ ಗುಳೆ ಹೊರಡುತ್ತದೆ. ಹೆಂಡತಿ, ಮಕ್ಕಳು, ಪಾತ್ರೆ, ಚಾಪೆ ಎಲ್ಲ ಸಮೇತ ಅರಮನೆಯ ಅಂಗಳದಲ್ಲಿ ಕೆಲವು ವಾರಗಳ ತಾತ್ಕಾಲಿಕ ಬಿಡಾರ. ಮಕ್ಕಳಿಗೆ ಅಲ್ಲೇ ಟೆಂಟ್ ಶಾಲೆ. ಪಟ್ಟಣದವರು ಕಾಡಿನ ಅಂಚಿಗೆ ಬಂದು ಕುಟೀರದಲ್ಲಿ ಮಲಗುತ್ತಾರೆ. ಕಾಡಿನವರು ಪಟ್ಟಣದ ನಟ್ಟನಡುವೆ ಬಂದು ಶೆಡ್ಡಿನಲ್ಲಿ ಮಲಗುತ್ತಾರೆ. ಎರಡೂ ಋತುಮಾನದ ಸೂರುಗಳೇ. ಒಂದಕ್ಕೆ ಬಾಡಿಗೆ ಇದೆ, ಇನ್ನೊಂದಕ್ಕೆ ಇಲ್ಲ.

ಕಾಡಿಗೂ ಪದರಗಳುಂಟು

ಪ್ರವಾಸಿಯ ಕಣ್ಣಿಗೆ ಕಾಡೆಲ್ಲ ಒಂದೇ. ಕಾನೂನಿನ ಕಣ್ಣಿಗೆ ಹಾಗಲ್ಲ. ಈರುಳ್ಳಿಯ ಹಾಗೆ ಅದಕ್ಕೆ ಪದರಗಳಿವೆ, ಪ್ರತಿ ಪದರಕ್ಕೂ ಬೇರೆ ನಿಯಮವಿದೆ.

ಹೊರಗಿನ ಪದರ ಖಾಸಗಿ ತೋಟ, ಊರೊಟ್ಟಿನ ಜಾಗ, ಸರ್ಕಾರಿ ಪೈಸಾರಿ. ಕೊಡಗಿನಲ್ಲಿ ಇದರ ಜೊತೆಗೆ ಜಮ್ಮಾ, ಬಾಣೆ ಎಂಬ ಹಳೆಯ ಹಿಡುವಳಿಗಳು ಮತ್ತು ದೇವರಕಾಡುಗಳು ಸೇರಿ ಲೆಕ್ಕ ಇನ್ನಷ್ಟು ಗೋಜಲಾಗಿದೆ. ಅದರ ಒಳಗೆ ಮೀಸಲು ಅರಣ್ಯ. ದುಬಾರೆ ಇರುವುದು ಈ ಪದರದಲ್ಲಿ. ಇದು 1963ರ ಕರ್ನಾಟಕ ಅರಣ್ಯ ಕಾಯಿದೆಯ ಆಳ್ವಿಕೆ. ಮರ ಕಡಿಯುವುದು, ಬೆಂಕಿ ಹಾಕುವುದು, ಹೊಸದಾಗಿ ನೆಲ ಬಗೆಯುವುದು ಎಲ್ಲ ನಿಷಿದ್ಧ. ಇನ್ನೂ ಒಳಗೆ ವನ್ಯಜೀವಿಧಾಮ ಮತ್ತು ರಾಷ್ಟ್ರೀಯ ಉದ್ಯಾನ. ಕೊಡಗಿಗೆ ಪುಷ್ಪಗಿರಿ, ಬ್ರಹ್ಮಗಿರಿ, ತಲಕಾವೇರಿ ವನ್ಯಜೀವಿಧಾಮಗಳಿವೆ. ದಕ್ಷಿಣಕ್ಕೆ ಮೈಸೂರು ಜಿಲ್ಲೆಯವರೆಗೂ ಚಾಚಿದ ನಾಗರಹೊಳೆ ರಾಷ್ಟ್ರೀಯ ಉದ್ಯಾನವಿದೆ. ಎಲ್ಲಕ್ಕಿಂತ ಒಳಗಿನ ತಿರುಳು ಹುಲಿ ಮೀಸಲಿನ ಕೇಂದ್ರ ವಲಯ.

ಒಳಕ್ಕೆ ಹೋದಷ್ಟೂ ನಿಯಮ ಬಿಗಿ. ವನ್ಯಜೀವಿಧಾಮದೊಳಗೆ ವಾಣಿಜ್ಯ ಉದ್ದೇಶದ ತಂಗುದಾಣ ಕಟ್ಟಲು ರಾಷ್ಟ್ರೀಯ ವನ್ಯಜೀವಿ ಮಂಡಳಿಯ ಪೂರ್ವಾನುಮತಿ ಬೇಕೆಂಬ ಷರತ್ತು 2002ರ ತಿದ್ದುಪಡಿಯಲ್ಲಿ ಬಂತು. ಖಾಸಗಿಯವರಿಗೆ ಮಾತ್ರ ಇದು ಅನ್ವಯ, ಸರ್ಕಾರಕ್ಕಲ್ಲ ಎಂದು ವಾದಿಸಲು ಅಲ್ಲಿ ಸಂದಿಯಿತ್ತು. 2022ರ ತಿದ್ದುಪಡಿ ಸರ್ಕಾರಿ ತಂಗುದಾಣಗಳನ್ನೂ ಹೆಸರಿಸಿ ಆ ಸಂದಿಯನ್ನು ಮುಚ್ಚಿತು. ಹುಲಿ ಮೀಸಲುಗಳ ಕೇಂದ್ರ ವಲಯಗಳಲ್ಲಿ ಪ್ರವಾಸೋದ್ಯಮವನ್ನೇ ನಿಲ್ಲಿಸುವಂತೆ ಸುಪ್ರೀಂ ಕೋರ್ಟು 2012ರ ಜುಲೈನಲ್ಲಿ ಮಧ್ಯಂತರ ಆದೇಶ ನೀಡಿತ್ತು. ಅದೇ ಅಕ್ಟೋಬರಿನಲ್ಲಿ ಹುಲಿ ಸಂರಕ್ಷಣಾ ಪ್ರಾಧಿಕಾರದ ಮಾರ್ಗಸೂಚಿ ಬಂದ ಮೇಲೆ ತಡೆ ತೆರವಾಯಿತು. ಕೇಂದ್ರ ವಲಯದ ಶೇಕಡ 20ಕ್ಕಿಂತ ಹೆಚ್ಚು ಭಾಗವನ್ನು ಪ್ರವಾಸಕ್ಕೆ ತೆರೆಯಬಾರದು, ಅಲ್ಲಿ ಹೊಸ ಪ್ರವಾಸಿ ಕಟ್ಟಡ ಏಳಬಾರದು ಎಂಬುದು ಆ ಮಾರ್ಗಸೂಚಿಯ ಸಾರ.

ದುಬಾರೆಯಂಥ ಮೀಸಲು ಅರಣ್ಯಕ್ಕೆ ಇವೆರಡೂ ನೇರವಾಗಿ ತಾಕುವುದಿಲ್ಲ. ಆದರೆ ಪ್ರಾಣಿಗಳಿಗೆ ಈ ಪದರಗಳ ಅರಿವಿಲ್ಲ. ನಾಗರಹೊಳೆಯ ಆನೆ ದುಬಾರೆಗೆ ಬರುತ್ತದೆ, ದುಬಾರೆಯಿಂದ ಹೊಳೆ ದಾಟಿ ಕಾಫಿ ತೋಟಕ್ಕೆ ಇಳಿಯುತ್ತದೆ. ಅದಕ್ಕೆ ಗೊತ್ತಿರುವುದು ಹಲಸು ಹಣ್ಣಾಗುವ ತಿಂಗಳು ಮತ್ತು ನೀರಿರುವ ಕೆರೆ.

ಮೂರ್ಕಲ್ಲಿನ ಪಾಠ

ಕಾಡಿನೊಳಗಿನ ತಂಗುದಾಣದ ಪ್ರಶ್ನೆ ಕರ್ನಾಟಕದಲ್ಲಿ ಒಮ್ಮೆ ಹೈಕೋರ್ಟಿನ ಮೆಟ್ಟಿಲು ಹತ್ತಿ ತೀರ್ಮಾನವಾಗಿದೆ. ಅದು ನಡೆದದ್ದು ದುಬಾರೆಗೆ ದೂರವಲ್ಲದ ನಾಗರಹೊಳೆಯ ಮೂರ್ಕಲ್ಲಿನಲ್ಲಿ. ತೊಂಬತ್ತರ ದಶಕದಲ್ಲಿ ರಾಜ್ಯ ಸರ್ಕಾರ ರಾಷ್ಟ್ರೀಯ ಉದ್ಯಾನದೊಳಗಿನ ಈ ಜಾಗವನ್ನು ಪ್ರವಾಸಿ ತಂಗುದಾಣಕ್ಕಾಗಿ ತಾಜ್ ಸಮೂಹದ ಗೇಟ್‌ವೇ ಹೋಟೆಲ್ಸ್‌ಗೆ ಗುತ್ತಿಗೆಗೆ ಕೊಟ್ಟಿತು. ಕಾಡಿನ ಹಾಡಿಗಳವರು ಸಿಟ್ಟಿಗೆದ್ದರು. ‘ನಮ್ಮನ್ನು ಹೊರಗೆ ಹೋಗಿ ಎನ್ನುತ್ತೀರಿ, ಹೋಟೆಲ್ಲನ್ನು ಒಳಗೆ ಕರೆಯುತ್ತೀರಿ’ ಎಂಬುದು ಅವರ ನೇರ ತಕರಾರಾಗಿತ್ತು. ಚಳವಳಿ ನಡೆಯಿತು. ನಾಗರಹೊಳೆ ಬುಡಕಟ್ಟು ಜನರ ಹಕ್ಕು ಸ್ಥಾಪನಾ ಸಮಿತಿ ನ್ಯಾಯಾಲಯಕ್ಕೆ ಹೋಯಿತು.

1997ರಲ್ಲಿ ಹೈಕೋರ್ಟು ಸಮಿತಿಯ ಪರವಾಗಿ ತೀರ್ಪು ಕೊಟ್ಟಿತು. ಕೇಂದ್ರ ಸರ್ಕಾರದ ಪೂರ್ವಾನುಮತಿ ಇಲ್ಲದೆ ಅರಣ್ಯ ಭೂಮಿಯನ್ನು ಖಾಸಗಿಯವರಿಗೆ ಗುತ್ತಿಗೆ ಕೊಟ್ಟದ್ದು ಅರಣ್ಯ ಸಂರಕ್ಷಣಾ ಕಾಯಿದೆಗೆ ವಿರುದ್ಧ ಎಂಬುದು ಅದರ ತಿರುಳು. ಯೋಜನೆ ನಿಂತಿತು. ಕಾಡಿನ ಜನ, ಪರಿಸರದ ಕಾಳಜಿಯುಳ್ಳವರು, ಕಾನೂನು ಬಲ್ಲವರು ಒಂದೇ ಸಾಲಿನಲ್ಲಿ ನಿಂತು ಗೆದ್ದ ಅಪರೂಪದ ಮೊಕದ್ದಮೆ ಇದು. ಮುಂದೆ ಅದೇ ಕಾಡಿನಿಂದ ಹಾಡಿಗಳನ್ನು ಹೊರಗೆ ಸಾಗಿಸುವ ಪ್ರಶ್ನೆ ಬಂದಾಗ ಆ ಸಾಲು ಮುರಿದುಬಿತ್ತು, ಅದು ಬೇರೆ ಮಾತು.

ಬಿದಿರಿನದಾದರೂ ಸೂರು ಸೂರೇ

ಆ ತೀರ್ಪಿಗೆ ಆಧಾರವಾದ ಅರಣ್ಯ ಸಂರಕ್ಷಣಾ ಕಾಯಿದೆ ಬಂದದ್ದು 1980ರಲ್ಲಿ. ಬಹಳ ಚಿಕ್ಕ ಕಾಯಿದೆ. ಪುಟ್ಟ ಪುಸ್ತಿಕೆಯ ಮೂರು ನಾಲ್ಕು ಹಾಳೆಗೆ ಮುಗಿಯುತ್ತದೆ. ಅದರ ಜೀವ ಎರಡನೆಯ ಕಲಮಿನಲ್ಲಿದೆ: ಅರಣ್ಯ ಭೂಮಿಯನ್ನು ಅರಣ್ಯೇತರ ಉದ್ದೇಶಕ್ಕೆ ಬಳಸುವ ಮುನ್ನ ರಾಜ್ಯಗಳು ಕೇಂದ್ರವನ್ನು ಕೇಳಬೇಕು. ಖಾಸಗಿಯವರಿಗೆ ಗುತ್ತಿಗೆ ಕೊಡುವುದಕ್ಕೂ ಈ ನಿಯಮ ಅನ್ವಯ ಎಂದು 1988ರಲ್ಲಿ ಸೇರಿಸಲಾಯಿತು. ಉಲ್ಲಂಘಿಸಿದರೆ ಶಿಕ್ಷೆ? ಗರಿಷ್ಠ ಹದಿನೈದು ದಿನಗಳ ಸಾದಾ ಸೆರೆವಾಸ. ಹುಲಿಯ ಮುಖವಾಡ ತೊಟ್ಟ ಬೆಕ್ಕು ಎನ್ನುವವರಿದ್ದಾರೆ. ಆದರೂ ಸಾವಿರಾರು ಎಕರೆ ಕಾಡನ್ನು ಉಳಿಸಿದ್ದು ಆ ಬೆಕ್ಕೇ.

ಇಲ್ಲಿ ಗಮನಿಸಬೇಕಾದ ಸೂಕ್ಷ್ಮವೊಂದಿದೆ. ಕಾಯಿದೆ ಕೇಳುವುದು ‘ಕಟ್ಟಡ ಕಾಂಕ್ರೀಟಿನದೋ ಬಿದಿರಿನದೋ’ ಎಂದಲ್ಲ. ‘ಈ ನೆಲ ಯಾತಕ್ಕೆ ಬಳಕೆಯಾಗುತ್ತಿದೆ’ ಎಂದು. ಕಾವಲು ಠಾಣೆ, ಬೆಂಕಿ ರೇಖೆ, ವೈರ್‌ಲೆಸ್ ಕಂಬ, ನೀರಿನ ಹೊಂಡ, ಗಡಿ ಕಲ್ಲು ಇವು ಕಾಡಿನ ಕೆಲಸಕ್ಕೆ ಸೇರಿದವು, ಹಾಗಾಗಿ ಅಡ್ಡಿಯಿಲ್ಲ. ಕಳ್ಳಬೇಟೆ ತಡೆಯುವ ಸಿಬ್ಬಂದಿಯ ತಗಡಿನ ಶೆಡ್ಡು ಕಾಡಿನ ಕೆಲಸ. ಅದೇ ತಗಡಿನ ಶೆಡ್ಡಿನಲ್ಲಿ ಬಾಡಿಗೆಗೆ ಹಾಸಿಗೆ ಹಾಕಿದರೆ ಅದು ಬೇರೆ ಕೆಲಸ. ‘ತಾತ್ಕಾಲಿಕ’, ‘ಋತುಮಾನದ’, ‘ಪರಿಸರಸ್ನೇಹಿ’ ಎಂಬ ವಿಶೇಷಣಗಳನ್ನು ಅಂಟಿಸಿದ ಮಾತ್ರಕ್ಕೆ ಉದ್ದೇಶ ಬದಲಾಗುವುದಿಲ್ಲ. ಹುಲ್ಲು ಹೊದಿಸಿದ ಹೋಟೆಲು ಹೋಟೆಲೇ.

ಆದರೆ ಈ ಸೂಕ್ಷ್ಮಕ್ಕೆ 2023ರಲ್ಲಿ ಹೊಸ ತಿರುವು ಬಂತು. ಆ ವರ್ಷ ಸಂಸತ್ತು ಕಾಯಿದೆಯ ಹೆಸರನ್ನು ‘ವನ ಸಂರಕ್ಷಣ್ ಏವಂ ಸಂವರ್ಧನ್ ಅಧಿನಿಯಮ’ ಎಂದು ಬದಲಿಸಿತು. ಜೊತೆಗೆ ಕಲಮುಗಳನ್ನೂ ತಿದ್ದಿತು. ಅರಣ್ಯ ಇಲಾಖೆಯ ಕಾರ್ಯಯೋಜನೆಯಲ್ಲಿ ಸೇರಿಸಿದ ಪರಿಸರ ಪ್ರವಾಸೋದ್ಯಮದ ಸೌಕರ್ಯಗಳನ್ನು ಅರಣ್ಯೇತರ ಉದ್ದೇಶ ಎಂದು ಎಣಿಸಬೇಕಾಗಿಲ್ಲ ಎಂಬುದು ಅವುಗಳಲ್ಲೊಂದು. 2023ರ ಡಿಸೆಂಬರ್ 1ರಿಂದ ಇದು ಜಾರಿಯಲ್ಲಿದೆ. ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಗಿದೆ. ಸಂರಕ್ಷಿತ ಪ್ರದೇಶದ ಹೊರಗಿನ ಕಾಡುಗಳಲ್ಲಿ ಸರ್ಕಾರ ಮೃಗಾಲಯ, ಸಫಾರಿ ಸ್ಥಾಪಿಸುವ ಮುನ್ನ ತನ್ನ ಅನುಮತಿ ಪಡೆಯಬೇಕು ಎಂದು ನ್ಯಾಯಾಲಯ 2024ರ ಫೆಬ್ರುವರಿಯಲ್ಲಿ ಮಧ್ಯಂತರ ಆದೇಶ ಕೊಟ್ಟಿತು.

ಇದರ ಅರ್ಥ ದುಬಾರೆಯಂಥ ಕಡೆಗಳಿಗೆ ದೊಡ್ಡದು. ನಿನ್ನೆಯವರೆಗೆ ‘ಕಾಡಿನೊಳಗೆ ಕುಟೀರ ಬೇಕೇ’ ಎಂಬ ಪ್ರಶ್ನೆ ದೆಹಲಿಯ ಬಾಗಿಲು ತಟ್ಟಬೇಕಿತ್ತು. ಇನ್ನು ಮುಂದೆ ಅದರ ಬಹುಭಾಗ ಒಂದು ಕಾರ್ಯಯೋಜನೆಯ ಪುಟಗಳಲ್ಲಿ ತೀರ್ಮಾನವಾಗಬಹುದು. ಆ ಪುಟಗಳನ್ನು ಓದುವವರು ಎಷ್ಟು ಜನ? ಕಾಡಿನ ಅಂಚಿನ ಗ್ರಾಮಸಭೆಯಲ್ಲಿ ಅದನ್ನು ಕನ್ನಡದಲ್ಲಿ ಓದಿ ಹೇಳಬೇಕೆಂದು ಕೇಳುವುದು ಅತಿಯಾಸೆಯೇನಲ್ಲ.

ಹಾಡಿಯ ಸೂರು

ಪ್ರವಾಸಿ ಕುಟೀರದ ಮಾತಾಡುವಾಗ ಅದೇ ಕಾಡಿನ ಇನ್ನೊಂದು ಸೂರನ್ನು ಮರೆಯುವಂತಿಲ್ಲ. ಜೇನುಕುರುಬರ ಹಳೆಯ ಗುಡಿಸಲು ನಿಜವಾದ ಅರ್ಥದಲ್ಲಿ ಋತುಮಾನದ ಮನೆ. ಬಿದಿರಿನ ತಡಿಕೆ, ಮಣ್ಣಿನ ಮೆತ್ತು, ಹುಲ್ಲಿನ ಹೊದಿಕೆ. ಜೇನಿನ ಕಾಲಕ್ಕೆ ಒಂದು ಕಡೆ, ಮಳೆಗೆ ಇನ್ನೊಂದು ಕಡೆ. ಬಿಟ್ಟು ಹೋದ ಮೇಲೆ ಎರಡು ಮಳೆಗೆ ಗುಡಿಸಲು ಮಣ್ಣಾಗುತ್ತಿತ್ತು. ಒಲೆಯ ಮೂರು ಕಲ್ಲು ಮಾತ್ರ ಉಳಿಯುತ್ತಿತ್ತು. ಇಂದು ಪ್ರವಾಸಿ ಕರಪತ್ರಗಳು ‘ಗುರುತು ಉಳಿಸದ ವಾಸ’ ಎಂದು ಹೊಗಳುವುದನ್ನು ಅವರು ಹೆಸರಿಲ್ಲದೆ ಮಾಡುತ್ತಿದ್ದರು.

ಕೊಡಗಿನ ಕಾಡು ಮೀಸಲಾದ ಮೇಲೆ ಹಲವು ಕುಟುಂಬಗಳು ಕಾಫಿ ತೋಟಗಳ ಲೈನ್ ಮನೆ ಸೇರಿದವು. ಲೈನ್ ಮನೆಯಲ್ಲಿ ಕೆಲಸ ಇರುವವರೆಗೆ ಸೂರು. ಕೆಲಸ ಬಿಟ್ಟರೆ ಸೂರೂ ಇಲ್ಲ. ಅಲ್ಲಿಂದ ಬೇಸತ್ತು ಹೊರಬಂದ ನೂರಾರು ಆದಿವಾಸಿ ಕುಟುಂಬಗಳು ಸಿದ್ದಾಪುರದ ಕಡೆಯ ದಿಡ್ಡಳ್ಳಿಯಲ್ಲಿ ಗುಡಿಸಲು ಹಾಕಿಕೊಂಡವು. 2016ರ ಡಿಸೆಂಬರಿನಲ್ಲಿ ಅದು ಮೀಸಲು ಅರಣ್ಯ ಎಂದು ಹೇಳಿ ಆ ಗುಡಿಸಲುಗಳನ್ನು ಕೆಡವಲಾಯಿತು. ಚಳಿಯಲ್ಲಿ ಬಯಲಿಗೆ ಬಿದ್ದ ಜನರ ಹೋರಾಟ ರಾಜ್ಯದ ಗಮನ ಸೆಳೆಯಿತು. ಕೊನೆಗೆ ಬಸವನಹಳ್ಳಿ, ಬ್ಯಾಡಗೊಟ್ಟಗಳಲ್ಲಿ ಅವರಿಗೆ ಮನೆ, ನಿವೇಶನದ ವ್ಯವಸ್ಥೆಯಾಯಿತು.

ದುಬಾರೆಯ ಜೇನುಕುರುಬರ ಮುಂದೆ ಈಗ ಇರುವ ಆಸರೆ 2006ರ ಅರಣ್ಯ ಹಕ್ಕು ಕಾಯಿದೆ. ಕರ್ನಾಟಕದಲ್ಲಿ ವಿಶೇಷವಾಗಿ ದುರ್ಬಲ ಬುಡಕಟ್ಟುಗಳೆಂದು ಗುರುತಿಸಿರುವುದು ಎರಡನ್ನು: ಕೊರಗರು ಮತ್ತು ಜೇನುಕುರುಬರು. 2005ರ ಡಿಸೆಂಬರ್ 13ಕ್ಕೆ ಮುಂಚಿನಿಂದ ಕಾಡಿನಲ್ಲಿ ವಾಸವಿದ್ದ ಬುಡಕಟ್ಟಿನವರಿಗೆ ಆ ನೆಲದ ಮೇಲೆ ಹಕ್ಕು, ಹೆಚ್ಚೆಂದರೆ ನಾಲ್ಕು ಹೆಕ್ಟೇರ್. ಅರ್ಜಿ ಮೊದಲು ಬರಬೇಕಾದದ್ದು ಗ್ರಾಮಸಭೆಯ ಮುಂದೆ. ವಿಚಾರಣೆ ಮುಗಿಯುವವರೆಗೆ ಯಾರನ್ನೂ ಎಬ್ಬಿಸುವಂತಿಲ್ಲ. ಸಿಕ್ಕ ಹಕ್ಕುಪತ್ರ ಮಕ್ಕಳಿಗೆ ಬರುತ್ತದೆ. ಆದರೆ ಮಾರುವಂತಿಲ್ಲ, ಪರಭಾರೆ ಮಾಡುವಂತಿಲ್ಲ. ಹಕ್ಕುಪತ್ರದ ನೆಲ ನಾಳೆ ರೆಸಾರ್ಟಾಗುತ್ತದೆ ಎಂದು ಹೆದರುವವರಿಗೆ ಕಾಯಿದೆಯೇ ಉತ್ತರ ಬರೆದಿಟ್ಟಿದೆ.

ಅದೇ ಕಾಯಿದೆ ಹಾಡಿಗಳಿಗೆ ಬೇಕಾದ ಹದಿಮೂರು ಬಗೆಯ ಸೌಕರ್ಯಗಳನ್ನು ಪಟ್ಟಿ ಮಾಡಿದೆ: ಶಾಲೆ, ಅಂಗನವಾಡಿ, ಔಷಧಾಲಯ, ನ್ಯಾಯಬೆಲೆ ಅಂಗಡಿ, ವಿದ್ಯುತ್ ತಂತಿ, ಕುಡಿಯುವ ನೀರು ಇತ್ಯಾದಿ. ಪ್ರತಿಯೊಂದಕ್ಕೂ ಒಂದು ಹೆಕ್ಟೇರಿಗಿಂತ ಕಡಿಮೆ ನೆಲ, ಹೆಕ್ಟೇರಿಗೆ 75ಕ್ಕಿಂತ ಹೆಚ್ಚು ಮರ ಬೀಳಬಾರದು, ಗ್ರಾಮಸಭೆಯ ಶಿಫಾರಸು ಬೇಕು. ಪ್ರವಾಸಿ ಕುಟೀರ ಆ ಪಟ್ಟಿಯಲ್ಲಿಲ್ಲ. ಹೀಗೆ ಒಂದೇ ಕಾಡಿಗೆ ಎರಡು ಹಾದಿಗಳಾಗಿವೆ. ಅಂಗನವಾಡಿಗೆ ಗ್ರಾಮಸಭೆಯ ಹಾದಿ, ಪ್ರವಾಸಿ ಸೌಕರ್ಯಕ್ಕೆ ಕಾರ್ಯಯೋಜನೆಯ ಹಾದಿ. ಯಾವುದು ಬೇಗ ಮುಗಿಯುತ್ತದೆ ಎಂಬುದರ ಮೇಲೆ ನ್ಯಾಯದ ತೂಕ ಗೊತ್ತಾಗುತ್ತದೆ.

ಹಕ್ಕಿನ ಅರ್ಜಿ ತಿರಸ್ಕೃತವಾದವರನ್ನು ತೆರವುಗೊಳಿಸಬೇಕೆಂದು ಸುಪ್ರೀಂ ಕೋರ್ಟು 2019ರ ಫೆಬ್ರುವರಿ 13ರಂದು ಹೇಳಿ, ಅದೇ ತಿಂಗಳ 28ರಂದು ತನ್ನ ಆದೇಶಕ್ಕೆ ತಾನೇ ತಡೆ ಕೊಟ್ಟದ್ದು ದೇಶದ ಹಾಡಿಗಳನ್ನೆಲ್ಲ ಎರಡು ವಾರ ನಿದ್ದೆಗೆಡಿಸಿತ್ತು. 2025ರ ಮೇ ತಿಂಗಳಿನಲ್ಲಿ ನಾಗರಹೊಳೆಯ ಕರಡಿಕಲ್ಲು ಅತ್ತೂರು ಕೊಲ್ಲಿಗೆ ಹತ್ತಾರು ಜೇನುಕುರುಬ ಕುಟುಂಬಗಳು ಹಿಂದಿರುಗಿ, ಇದು ನಮ್ಮ ಹಿರಿಯರ ನೆಲವೆಂದು ಗುಡಿಸಲು ಕಟ್ಟಲು ಹೊರಟಾಗ ಮತ್ತೆ ಅದೇ ಪ್ರಶ್ನೆ ಎದ್ದಿತು. ಕಾಡಿನಲ್ಲಿ ಗುಡಿಸಲು ಹಕ್ಕೋ ಅತಿಕ್ರಮಣವೋ?

ಒಂದು ಸಣ್ಣ ಲೆಕ್ಕ

ಹಕ್ಕಿನ ಮಾತು ಹಾಗಿರಲಿ; ಹೊಳೆಯ ಮಾತೇನು? ಏಳನೆಯ ತರಗತಿಯ ಮಕ್ಕಳೂ ಮಾಡಬಹುದಾದ ಒಂದು ಲೆಕ್ಕವಿದೆ. ಇಪ್ಪತ್ತು ಕುಟೀರಗಳ ಒಂದು ತಂಗುದಾಣವನ್ನು ಕಲ್ಪಿಸಿಕೊಳ್ಳಿ. ಕುಟೀರಕ್ಕೆ ಇಬ್ಬರಂತೆ 40 ಜನ. ಪಟ್ಟಣದ ನೀರು ಸರಬರಾಜಿಗೆ ದೇಶದಲ್ಲಿ ಹಿಡಿಯುವ ಪ್ರಮಾಣ ತಲೆಗೆ ದಿನಕ್ಕೆ 135 ಲೀಟರ್. ಅಂದರೆ 5,400 ಲೀಟರ್. ಬಳಸಿದ ನೀರಿನ ಶೇಕಡ 80ರಷ್ಟು ಕೊಳಚೆಯಾಗಿ ಹಿಂದಿರುಗುತ್ತದೆ ಎಂಬುದು ಎಂಜಿನಿಯರುಗಳ ವಾಡಿಕೆಯ ಲೆಕ್ಕ. ಅದು 4,320 ಲೀಟರ್, ಪ್ರತಿದಿನ. ಇದರಲ್ಲಿ ಅಡುಗೆಮನೆಯ ಜಿಡ್ಡು, ಬಟ್ಟೆ ಒಗೆಯುವುದು, ಈಜುಕೊಳದ ನೀರು ಸೇರಿಲ್ಲ.

ಇದು ಹೊಳೆದಂಡೆಯ ಇಂಗುಗುಂಡಿಗೆ ಹೋಗುತ್ತದೆ. ಬೇಸಿಗೆಯಲ್ಲಿ ನೆಲ ಅದನ್ನು ಹೀರಿ, ಮಣ್ಣಿನ ಕಣಗಳ ನಡುವಿನ ಸೂಕ್ಷ್ಮಜೀವಿಗಳು ಸ್ವಲ್ಪಮಟ್ಟಿಗೆ ಶುದ್ಧ ಮಾಡುತ್ತವೆ. ಮಳೆಗಾಲದಲ್ಲಿ ಅಂತರ್ಜಲ ಮೇಲೆ ಬಂದು ಇಂಗುಗುಂಡಿಯೇ ತುಂಬುತ್ತದೆ. ಆಗ ಸೋಸುವ ಮಣ್ಣಿನ ಪದರವೇ ಉಳಿಯುವುದಿಲ್ಲ. ಕೊಳಚೆ ನೇರ ಹೊಳೆ ಸೇರುತ್ತದೆ. ಕೊಳಚೆಯನ್ನು ಕೊಳೆಸುವ ಜೀವಾಣುಗಳು ನೀರಿನಲ್ಲಿ ಕರಗಿದ ಆಮ್ಲಜನಕವನ್ನು ಬಳಸಿಬಿಡುತ್ತವೆ. ಮೊದಲು ಉಸಿರು ಕಟ್ಟುವುದು ಮಹಶೀರ್‌ನಂಥ ಶುದ್ಧ ಹರಿವಿನ ಮೀನಿಗೆ. ದುಬಾರೆಗೆ ಸಮೀಪದ ವಾಲ್ನೂರು ಆ ಮೀನಿಗೆ ಹೆಸರಾದ ಜಾಗ. ಹೊಳೆ ಕೆಳಗೆ ಕುಶಾಲನಗರವಿದೆ. ಅಲ್ಲಿನ ಜನ ಕುಡಿಯುವುದೂ ಕಾವೇರಿಯನ್ನೇ.

‘ಆನೆಯೂ ಹೊಳೆಯಲ್ಲೇ ಲದ್ದಿ ಹಾಕುವುದಿಲ್ಲವೆ?’ ಎಂದು ಯಾರಾದರೂ ಕೇಳಿಯಾರು. ಹಾಕುತ್ತದೆ. ಒಂದು ದೊಡ್ಡ ಆನೆ ದಿನಕ್ಕೆ ನೂರೈವತ್ತು ಕಿಲೋ ಮೇವು ತಿಂದು ಅದರಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಅರಗಿಸಿಕೊಳ್ಳದೆ ಹೊರಹಾಕುತ್ತದೆ. ಆದರೆ ಅದು ಬರಿಯ ನಾರು ಮತ್ತು ಬೀಜ. ಸಗಣಿ ಹುಳು ಅದನ್ನು ನೆಲದೊಳಕ್ಕೆ ಒಯ್ಯುತ್ತದೆ, ಬೀಜ ಮೊಳೆಯುತ್ತದೆ. ಸೋಪಿನ ಪುಡಿಯ ನೊರೆಯನ್ನು ಹೂಳುವ ಹುಳ ಇನ್ನೂ ಹುಟ್ಟಿಲ್ಲ.

ನೀರಿಗಿಂತ ಕಣ್ಣಿಗೆ ಕಾಣದ ಇನ್ನೊಂದು ಬಾಧೆ ದೀಪ ಮತ್ತು ಬೇಲಿಯದು. ಹೊಳೆದಂಡೆ ಎಂದರೆ ಕಾಡುಪ್ರಾಣಿಗಳ ರಾತ್ರಿಯ ದಾರಿ. ಒಂದು ಕುಟೀರದ ಬೆಳಕು ಆನೆಯನ್ನು ತಡೆಯದು. ಒಂದರ ಪಕ್ಕ ಒಂದರಂತೆ ಸಾಲು ಕುಟೀರ, ಅದರ ಸುತ್ತ ವಿದ್ಯುತ್ ಬೇಲಿ ಬಂದರೆ ಆನೆ ಹಳೆಯ ದಾರಿ ಬಿಟ್ಟು ಪಕ್ಕದ ಬಡವನ ಗದ್ದೆಗೆ ಇಳಿಯುತ್ತದೆ. ಲಾಭ ಒಬ್ಬನಿಗೆ, ನಷ್ಟ ಇನ್ನೊಬ್ಬನಿಗೆ. ಕೊಡಗಿನಲ್ಲಿ ಆನೆ ತುಳಿತಕ್ಕೆ ಸಿಕ್ಕವರಲ್ಲಿ ತೋಟದ ಕೂಲಿಗಳೇ ಹೆಚ್ಚು ಎಂಬುದನ್ನು ಪತ್ರಿಕೆ ಓದುವ ಯಾರೂ ಬಲ್ಲರು.

ಹೊಳೆಯೂ ತನ್ನದೇ ವಲಯ ನಿಯಮವನ್ನು ಆಗಾಗ ಬರೆದು ತೋರಿಸುತ್ತದೆ. 2018 ಮತ್ತು 2019ರ ಆಗಸ್ಟ್ ತಿಂಗಳ ಪ್ರವಾಹಗಳಲ್ಲಿ ಕಾವೇರಿ ದಡ ಮೀರಿ ಹರಿದಳು. ಕರಡಿಗೋಡು, ನೆಲ್ಲಿಹುದಿಕೇರಿಯ ಹೊಳೆದಂಡೆಯ ಬಡ ಮನೆಗಳು 2019ರಲ್ಲಿ ಕೊಚ್ಚಿಹೋದವು. ನೀರು ಮುಟ್ಟಿದ ಗೆರೆ ಎಲ್ಲಿದೆ ಎಂದು ಊರಿನವರು ಇಂದಿಗೂ ಬೆರಳಿಟ್ಟು ತೋರಿಸುತ್ತಾರೆ. ಕಟ್ಟಡಕ್ಕೆ ಎಷ್ಟು ಮೀಟರ್ ದೂರ ಬೇಕು ಎಂದು ಕೇಳುವವರಿಗೆ ಆ ಗೆರೆಗಿಂತ ಒಳ್ಳೆಯ ನಕ್ಷೆ ಬೇರೆ ಬೇಕಿಲ್ಲ.

ಅಮೆರಿಕದವರು ಮಾಡಿದ್ದು

ಕಾಡಿನಲ್ಲಿ ರಜೆಯ ಮನೆ ಕಟ್ಟುವ ಆಸೆ ಕೊಡಗಿಗೆ ಬಂದ ಹೊಸ ರೋಗವೇನಲ್ಲ. ಅಮೆರಿಕ 1915ರಲ್ಲೇ ಒಂದು ಕಾಯಿದೆ ಮಾಡಿ ರಾಷ್ಟ್ರೀಯ ಅರಣ್ಯಗಳಲ್ಲಿ ಬೇಸಿಗೆ ಮನೆಗಳಿಗೆ ಪರವಾನಗಿ ಕೊಟ್ಟಿತು. ಐದು ಎಕರೆ ಮೀರದ ನೆಲ, ಮೂವತ್ತು ವರ್ಷ ಮೀರದ ಅವಧಿ. ಮನೆ ಕಟ್ಟಿದವನದು, ನೆಲ ಸರ್ಕಾರದ್ದು, ವರ್ಷಕ್ಕಿಷ್ಟು ಬಾಡಿಗೆ. ಅದನ್ನು ವರ್ಷವಿಡೀ ವಾಸದ ಮನೆ ಮಾಡಿಕೊಳ್ಳುವಂತಿಲ್ಲ. ಕಾಡಿಗೆ ಜನ ಬರಲಿ ಎಂಬುದು ಅಂದಿನ ಉದ್ದೇಶವಾಗಿತ್ತು. ಕ್ರಮೇಣ ಕೆರೆದಂಡೆ, ಹೊಳೆದಂಡೆಯ ಒಳ್ಳೆಯ ಜಾಗವೆಲ್ಲ ಕೆಲವರ ಪಾಲಾಗಿ, ಸಾರ್ವಜನಿಕರಿಗೆ ಬೇಲಿ ಮಾತ್ರ ಉಳಿಯಿತು ಎಂಬ ದೂರು ಎದ್ದಿತು. 1960ರ ದಶಕದ ಅಂತ್ಯದ ಹೊತ್ತಿಗೆ ಹೊಸ ನಿವೇಶನ ತೆರೆಯುವುದನ್ನು ಅರಣ್ಯ ಇಲಾಖೆ ನಿಲ್ಲಿಸಿತು. ಹಾಗಿದ್ದೂ ಇಂದಿಗೂ ಅಂಥ ಸುಮಾರು 14,000 ಮನೆಗಳಿವೆ. ಒಮ್ಮೆ ಕೊಟ್ಟ ಪರವಾನಗಿಯನ್ನು ಹಿಂದಕ್ಕೆ ಪಡೆಯುವುದು ಯಾವ ಸರ್ಕಾರಕ್ಕೂ ಸುಲಭವಲ್ಲ. ಮೊದಲ ಕುಟೀರಕ್ಕೆ ಸಹಿ ಹಾಕುವವರು ನೂರನೆಯ ಕುಟೀರವನ್ನು ನೆನೆಯಬೇಕು.

ಗೆರೆ ಎಲ್ಲಿ ಎಳೆಯುವುದು?

ಹಾಗಾದರೆ ಪ್ರವಾಸಿಗಳೇ ಬರಬಾರದೆ? ಹಾಗೆನ್ನುವುದೂ ಸರಿಯಲ್ಲ. ದುಬಾರೆಯ ದೋಣಿಯವರು, ತಿಂಡಿ ಅಂಗಡಿಯವರು, ರ‍್ಯಾಫ್ಟಿಂಗ್ ಹುಡುಗರು, ಜೀಪಿನವರು ಎಲ್ಲರ ಒಲೆ ಉರಿಯುವುದು ಪ್ರವಾಸಿಯಿಂದ. ಆನೆಯನ್ನು ಹತ್ತಿರದಿಂದ ಕಂಡ ಮಗು ಮುಂದೆ ಕಾಡಿನ ಪರ ಮಾತಾಡುವ ಪ್ರಜೆಯಾದೀತು. ಪ್ರಶ್ನೆ ಇರುವುದು ಪ್ರವಾಸಿ ಎಲ್ಲಿ ಮಲಗಬೇಕು ಎಂಬುದರಲ್ಲಿ.

ಅದಕ್ಕೆ ದುಬಾರೆಯೇ ಉತ್ತರ ತೋರಿಸಿದೆ: ಹಗಲು ಆಚೆ, ರಾತ್ರಿ ಈಚೆ. ಈ ಸರಳ ಸೂತ್ರವನ್ನು ಕಾರ್ಯಯೋಜನೆಯಲ್ಲಿ ಬರೆದು ಗಟ್ಟಿ ಮಾಡಿದರೆ ಅರ್ಧ ಕೆಲಸ ಮುಗಿಯಿತು. ಉಳಿದರ್ಧಕ್ಕೆ ಈಚೆ ದಡದಲ್ಲೂ ಶಿಸ್ತು ಬೇಕು. ಪ್ರವಾಹದ ಗೆರೆಯೊಳಗೆ ಕಟ್ಟಡ ಬೇಡ. ಕೊಳಚೆ ಶುದ್ಧೀಕರಣವಿಲ್ಲದೆ ಪರವಾನಗಿ ಬೇಡ. ಆನೆ ದಾರಿಗೆ ಅಡ್ಡ ಬೇಲಿ ಬೇಡ. ನಿಯಮ ಖಾಸಗಿಯವರಿಗೊಂದು, ಸರ್ಕಾರದ ಸಂಸ್ಥೆಗೊಂದು ಆಗುವುದು ಬೇಡ. ಹಾಡಿಯ ಅಂಗನವಾಡಿಗೆ ವಿದ್ಯುತ್ ಕಂಬ ಬರುವ ಮುನ್ನ ಅದೇ ಕಾಡಿಗೆ ಪ್ರವಾಸಿ ಸೌಕರ್ಯದ ಕಂಬ ಬಾರದಿರಲಿ. ಕಾಡನ್ನು ಬಲ್ಲವರನ್ನು ಕಾಡಿನ ಹೊರಗೆ ನಿಲ್ಲಿಸಿ, ಕಾಡನ್ನು ಕೊಳ್ಳಬಲ್ಲವರನ್ನು ಒಳಗೆ ಕರೆಯುವ ನಿಯಮ ಎಷ್ಟೇ ಅಚ್ಚುಕಟ್ಟಾಗಿದ್ದರೂ ಅದು ನಿಯಮವಲ್ಲ, ವ್ಯಾಪಾರ.

ಹೋಗುವವರಿಗೆ

ದುಬಾರೆ ಕುಶಾಲನಗರದಿಂದ ಸುಮಾರು 15 ಕಿ.ಮೀ., ಮಡಿಕೇರಿಯಿಂದ ಸುಮಾರು 40 ಕಿ.ಮೀ. ದೂರದಲ್ಲಿದೆ. ಮೈಸೂರಿನಿಂದ ಕುಶಾಲನಗರಕ್ಕೆ ಬಸ್ಸುಗಳು ಬೇಕಾದಷ್ಟಿವೆ. ಅಲ್ಲಿಂದ ಗುಡ್ಡೆಹೊಸೂರು, ನಂಜರಾಯಪಟ್ಟಣದ ದಾರಿ. ಆನೆಗಳ ಸ್ನಾನ, ರಾಗಿಮುದ್ದೆಯ ಊಟ ನೋಡಬೇಕಾದರೆ ಬೆಳಿಗ್ಗೆಯೇ ಹೋಗಬೇಕು. ಅಕ್ಟೋಬರಿನಿಂದ ಮೇವರೆಗೆ ಒಳ್ಳೆಯ ಕಾಲ. ಮಳೆಗಾಲದಲ್ಲಿ ದೋಣಿ ಇದೆಯೋ ಇಲ್ಲವೋ ವಿಚಾರಿಸಿಕೊಂಡೇ ಹೊರಡುವುದು ಲೇಸು. ದಸರೆಯ ವಾರಗಳಲ್ಲಿ ಕೆಲವು ಆನೆಗಳು, ಅವುಗಳ ಜೊತೆಗಾರರು ಮೈಸೂರಿನಲ್ಲಿರುತ್ತಾರೆ. ಪ್ಲಾಸ್ಟಿಕ್ ಬಾಟಲಿ, ಚಿಪ್ಸ್ ಪೊಟ್ಟಣ ಹೊಳೆಗೆ ಬೀಳದಿರಲಿ. ಹೊಳೆ ತಗ್ಗಿದೆಯೆಂದು ಬಂಡೆ ದಾಟುವ ಸಾಹಸ ಬೇಡ; ಪಾಚಿ ಕಟ್ಟಿದ ಕಲ್ಲು ಜಾರುತ್ತದೆ, ಬಂಡೆಗಳ ನಡುವಿನ ಮಡು ಮೇಲಿನಿಂದ ಕಂಡದ್ದಕ್ಕಿಂತ ಆಳ. ದೋಣಿಯಲ್ಲಿ ಕೂತಾಗ ಒಮ್ಮೆ ಹಿಂದಕ್ಕೂ ಒಮ್ಮೆ ಮುಂದಕ್ಕೂ ನೋಡಿದರೆ ಸಾಕು. ಒಂದು ಕಡೆ ಫಲಕಗಳು, ಇನ್ನೊಂದು ಕಡೆ ಮರಗಳು. ನಡುವೆ ಹರಿಯುವ ಹೊಳೆ ಸದ್ಯಕ್ಕೆ ಗಡಿ ಕಾಯುತ್ತಿದೆ.